ಆಫೀಸಿನಲ್ಲಿ ಕಲಿತ ಸಿಪಿಆರ್ ನೇತ್ರಾಣಿಯ ದೋಣಿಯಲ್ಲಿ ಸಾಕಾಗುತ್ತದೆಯೇ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿದ್ದೇನೆ. ಮುರುಡೇಶ್ವರದಲ್ಲಿ, ನೇತ್ರಾಣಿ ದ್ವೀಪದ ಬಳಿ, ಸ್ಕೂಬಾ ಡೈವಿಂಗ್‌ನ ಮೊದಲ ಹಂತವಾದ ಓಪನ್ ವಾಟರ್ ಕೋರ್ಸ್ ಮುಗಿಸಿದೆ, ಆಮೇಲೆ ಅಂಡಮಾನಿನಲ್ಲಿ ಅಡ್ವಾನ್ಸ್ಡ್ ಆಯಿತು. ಈ ಅಕ್ಟೋಬರಿನಲ್ಲಿ ರೆಸ್ಕ್ಯೂ ಡೈವರ್‌ಗೆ ಸೇರುವ ಯೋಚನೆ ಇದೆ. ಅದಕ್ಕೆ ಪ್ರಥಮ ಚಿಕಿತ್ಸೆ ಮತ್ತು ಸಿಪಿಆರ್ ಸರ್ಟಿಫಿಕೇಟ್ ಬೇಕಂತೆ. ಕಳೆದ ವರ್ಷ ಕಂಪನಿಯಲ್ಲಿ ಅರ್ಧ ದಿನದ ಸಿಪಿಆರ್ ತರಬೇತಿ ಪಡೆದಿದ್ದೇನೆ. ಅದೇ ನಡೆಯುತ್ತದೆಯೇ? ಡೈವರ್‌ಗಳು ಬೇರೆಯಾಗಿ ಕಲಿಯಬೇಕಾದ್ದು ಏನಾದರೂ ಇದೆಯೇ?

ಉತ್ತರ: ಮೊದಲು ಆ ಸರ್ಟಿಫಿಕೇಟ್ ತೆಗೆದು ನೋಡಿ. ಅದರಲ್ಲಿ "ಕಂಪ್ರೆಶನ್ ಓನ್ಲಿ" ಅಥವಾ "ಹ್ಯಾಂಡ್ಸ್ ಓನ್ಲಿ" ಎಂದಿದ್ದರೆ, ಡೈವಿಂಗ್‌ನ ಮಟ್ಟಿಗೆ ನೀವು ಅರ್ಧ ಕಲಿತಿದ್ದೀರಿ. ಮುಖ್ಯವಾದ ಅರ್ಧ ಬಾಕಿಯಿದೆ.

ಇದು ಕಂಪನಿಯವರ ತಪ್ಪಲ್ಲ. ನಮ್ಮ ದೇಶದಲ್ಲಿ ಇಂಡಿಯನ್ ರಿಸಸಿಟೇಶನ್ ಕೌನ್ಸಿಲ್ ಫೆಡರೇಶನ್ ಜನಸಾಮಾನ್ಯರಿಗೆಂದು ರೂಪಿಸಿರುವ ಕಾಲ್ಸ್ (ಕಂಪ್ರೆಶನ್ ಓನ್ಲಿ ಲೈಫ್ ಸಪೋರ್ಟ್) ಎಂಬ ಕ್ರಮದಲ್ಲಿ ಎದೆ ಒತ್ತುವುದು ಮಾತ್ರ ಇದೆ, ಬಾಯಿಯಿಂದ ಉಸಿರು ಕೊಡುವುದಿಲ್ಲ. ಮೆಟ್ರೋ ನಿಲ್ದಾಣದಲ್ಲಿ ಒಬ್ಬರು ಎದೆ ಹಿಡಿದುಕೊಂಡು ಕುಸಿದರೆ ಅದು ಸರಿಯಾದ ಮದ್ದು. ಹೃದಯ ಥಟ್ಟನೆ ನಿಂತಿದೆ, ಆದರೆ ಒಂದು ಕ್ಷಣದ ಹಿಂದಿನವರೆಗೂ ಆತ ಚೆನ್ನಾಗಿ ಉಸಿರಾಡುತ್ತಿದ್ದ. ರಕ್ತದಲ್ಲಿ ಇನ್ನೂ ಕೆಲವು ನಿಮಿಷಕ್ಕಾಗುವಷ್ಟು ಆಮ್ಲಜನಕ ಇದೆ, ಅದನ್ನು ಮಿದುಳಿಗೆ ತಲುಪಿಸಿದರೆ ಸಾಕು.

ನೀರಿನಲ್ಲಿ ಲೆಕ್ಕ ತಲೆಕೆಳಗು. ಮುಳುಗಿದವರಲ್ಲಿ ಮೊದಲು ಉಸಿರು ನಿಲ್ಲುತ್ತದೆ. ರಕ್ತದಲ್ಲಿದ್ದ ಆಮ್ಲಜನಕವೆಲ್ಲ ಖರ್ಚಾದ ಮೇಲೆ ಹೃದಯ ನಿಧಾನವಾಗಿ, ಕೊನೆಗೆ ನಿಲ್ಲುತ್ತದೆ. ಅಂಥವರ ಎದೆಯನ್ನಷ್ಟೇ ಒತ್ತಿದರೆ ಪ್ರಯಾಣಿಕರಿಲ್ಲದ ಬಸ್ಸನ್ನು ಊರೂರು ಸುತ್ತಿಸಿದಂತೆ. ರಕ್ತ ಓಡುತ್ತದೆ, ಅದರಲ್ಲಿ ಸರಕಿಲ್ಲ. ಇನ್ನೊಂದು ಕಡೆ, ಉಸಿರು ನಿಂತಿದ್ದರೂ ಹೃದಯ ಇನ್ನೂ ಕ್ಷೀಣವಾಗಿ ಬಡಿಯುತ್ತಿರುವ ಒಂದೆರಡು ನಿಮಿಷದ ಅವಕಾಶವಿರುತ್ತದೆ. ಆಗ ನಾಲ್ಕೈದು ಉಸಿರು ಸಿಕ್ಕರೇ ಕೆಲವರು ಕೆಮ್ಮಿ ಎಚ್ಚರಗೊಳ್ಳುತ್ತಾರೆ. ಆದ್ದರಿಂದ ಮುಳುಗಿದವರಿಗೆ ಉಸಿರು ಮೊದಲು, ಒತ್ತುವುದು ಆಮೇಲೆ. ಡೈವರ್‌ಗಳ ಸಿಪಿಆರ್‌ನ ಮೂಲಪಾಠ ಇದು.

ಸರ್ಟಿಫಿಕೇಟಿನ ವ್ಯವಹಾರವನ್ನು ಬೇಗ ಮುಗಿಸಿಬಿಡೋಣ. ಡೈವಿಂಗ್ ತರಬೇತಿ ಸಂಸ್ಥೆ ಪಾಡಿಯ ರೆಸ್ಕ್ಯೂ ಡೈವರ್‌ಗೆ ಹಿಂದಿನ 24 ತಿಂಗಳೊಳಗೆ ಸಿಪಿಆರ್ ಮತ್ತು ಪ್ರಥಮ ಚಿಕಿತ್ಸೆ ಎರಡರಲ್ಲೂ ತರಬೇತಿ ಆಗಿರಬೇಕು. ಅವರದೇ ಜೋಡಿ ಕೋರ್ಸಿನ ಹೆಸರು ಎಮರ್ಜೆನ್ಸಿ ಫಸ್ಟ್ ರೆಸ್ಪಾನ್ಸ್, ಡೈವ್ ಅಂಗಡಿಗಳಲ್ಲಿ ಇಎಫ್‌ಆರ್ ಎನ್ನುತ್ತಾರೆ. ಅಂಥದೇ ಇನ್ನೊಂದು ಸಂಸ್ಥೆ ಎಸ್‌ಎಸ್‌ಐನವರದು ರಿಯಾಕ್ಟ್ ರೈಟ್. ಸೇಂಟ್ ಜಾನ್ ಆಂಬ್ಯುಲೆನ್ಸ್, ರೆಡ್ ಕ್ರಾಸ್, ಅಥವಾ ಆಸ್ಪತ್ರೆಗಳು ನಡೆಸುವ ಅಮೆರಿಕನ್ ಹಾರ್ಟ್ ಅಸೋಸಿಯೇಶನ್ನಿನ ತರಗತಿಗಳನ್ನು ನಿಮ್ಮ ಬೋಧಕರು ಒಪ್ಪಬಹುದು, ಮೊದಲೇ ಕೇಳಿಕೊಳ್ಳಿ. ಇವುಗಳ ಜೊತೆಗೆ ಡೈವರ್‌ಗಳ ಸುರಕ್ಷತಾ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್, ಅಂದರೆ ಡ್ಯಾನ್, ಅಥವಾ ಪಾಡಿಯ ಎಮರ್ಜೆನ್ಸಿ ಆಕ್ಸಿಜನ್ ಕೋರ್ಸನ್ನು ಸೇರಿಸಿಕೊಳ್ಳಿ. ರೆಸ್ಕ್ಯೂಗೆ ಅದು ಕಡ್ಡಾಯವಲ್ಲ. ಆದರೆ ನನ್ನನ್ನು ಕೇಳಿದರೆ ಡೈವರ್ ಖರ್ಚು ಮಾಡುವ ಹಣದಲ್ಲಿ ಅತ್ಯಂತ ಸಾರ್ಥಕವಾದ್ದು ಅದೇ. ಯಾಕೆಂದು ಮುಂದೆ ಹೇಳುತ್ತೇನೆ.

ಕೋರ್ಸಿಗೆ ಹಣ ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ. ಒಂದು ಬೊಂಬೆಗೆ ಎಷ್ಟು ಮಂದಿ? ಪ್ರತಿಯೊಬ್ಬರೂ ಪಾಕೆಟ್ ಮಾಸ್ಕ್ ಇಟ್ಟು ಊದಿ ಬೊಂಬೆಯ ಎದೆ ಏಳಿಸಬೇಕೇ, ಅಥವಾ ಬೋಧಕರು ತೋರಿಸಿ ಬಿಡುತ್ತಾರೆಯೇ? ಆಕ್ಸಿಜನ್ ಕಿಟ್‌ನ ಭಾಗಗಳನ್ನು ನೀವೇ ಕೈಯಾರೆ ಜೋಡಿಸುತ್ತೀರಾ? ಹದಿನೈದು ಜನರಿಗೆ ಒಂದು ಬೊಂಬೆ ಎಂದರೆ ಅದು ಉಪನ್ಯಾಸ, ತರಬೇತಿಯಲ್ಲ.

ನೀರಿನಿಂದ ಹಲಗೆಯ ಮೇಲಕ್ಕೆ

ನಿಮ್ಮ ಬಡ್ಡಿ, ಅಂದರೆ ಜೊತೆಗಾರ ಡೈವರ್, ನೀರಿನ ಮೇಲೆ ಮುಖ ಕೆಳಗಾಗಿ ತೇಲುತ್ತಿದ್ದಾರೆ, ಕೂಗಿದರೆ ಓಗೊಡುತ್ತಿಲ್ಲ ಎಂದುಕೊಳ್ಳಿ. ಮಗುಚಿ ಮುಖ ಮೇಲೆ ಮಾಡಿ. ಇಬ್ಬರ ಬಿಸಿಡಿಗೂ (ತೇಲಿಸುವ ಜಾಕೆಟ್ಟಿಗೂ) ಗಾಳಿ ತುಂಬಿ, ಅವರ ತೂಕದ ಬೆಲ್ಟ್ ಬಿಚ್ಚಿ ಕೆಳಗೆ ಬಿಡಿ. ಸೀಸದ ಬೆಲೆ ಯೋಚಿಸಬೇಡಿ. ದೋಣಿಯವರಿಗೆ ಸನ್ನೆ ಮಾಡಿ. ಮಾಸ್ಕ್ ಮತ್ತು ಬಾಯಲ್ಲಿ ಕಚ್ಚಿ ಗಾಳಿ ಎಳೆಯುವ ರೆಗ್ಯುಲೇಟರ್ ತೆಗೆದು, ಗದ್ದ ಎತ್ತಿ, ಉಸಿರಾಟವನ್ನು ನೋಡಿ, ಕೇಳಿ, ಕೆನ್ನೆಯಲ್ಲಿ ಗ್ರಹಿಸಿ. ಇದಕ್ಕೆ 10 ಸೆಕೆಂಡಿಗಿಂತ ಹೆಚ್ಚು ಬೇಡ.

ಉಸಿರಿಲ್ಲದಿದ್ದರೆ, ಮತ್ತು ನೀವು ಅದನ್ನು ಅಭ್ಯಾಸ ಮಾಡಿದ್ದರೆ, ನೀರಿನಲ್ಲೇ ಉಸಿರು ಕೊಡಲು ಶುರುಮಾಡಿ. ಸುಮಾರು 5 ಸೆಕೆಂಡಿಗೆ ಒಂದರಂತೆ ಕೊಡುತ್ತಾ ದೋಣಿಯ ಕಡೆ ಎಳೆಯುತ್ತಾ ಹೋಗಿ. ಎರಡು ಉಸಿರಿನ ನಡುವೆ ಅವರ ಬಾಯಿಗೆ ಅಲೆಯ ನೀರು ನುಗ್ಗದ ಹಾಗೆ ಮುಚ್ಚಿ ಹಿಡಿಯುವುದು ಹೇಳುವಷ್ಟು ಸುಲಭವಲ್ಲ, ರೆಸ್ಕ್ಯೂ ಕೋರ್ಸಿನಲ್ಲಿ ಹೆಚ್ಚಿನವರು ತಿಣುಕುವುದು ಇಲ್ಲೇ. ಅಲೆ ದೊಡ್ಡದಿದ್ದರೆ, ನೀವೇ ದಣಿದಿದ್ದರೆ, ದೋಣಿ ಕೈಗೆಟುಕುವಷ್ಟು ಹತ್ತಿರವಿದ್ದರೆ ನೇರ ಎಳೆದೊಯ್ಯುವುದೇ ಜಾಣತನ. ನೀರಿನಲ್ಲಿ ಎದೆ ಒತ್ತಲು ಹೋಗಬೇಡಿ. ಬೆನ್ನಿನ ಕೆಳಗೆ ಗಟ್ಟಿ ಆಸರೆಯಿಲ್ಲದೆ ಒತ್ತಿದರೆ ದೇಹ ಕೆಳಗೆ ಹೋಗುತ್ತದೆಯೇ ಹೊರತು ಎದೆ ತಗ್ಗುವುದಿಲ್ಲ.

ದೋಣಿಗೆ ಹತ್ತಿಸುವ ಹೊತ್ತಿಗೆ ಸಿಲಿಂಡರ್, ಬಿಸಿಡಿ ಕಳಚಿರಬೇಕು. ಒದ್ದೆ ವೆಟ್‌ಸೂಟ್ ತೊಟ್ಟ 80 ಕಿಲೋ ದೇಹವನ್ನು ಏಣಿಯಲ್ಲಿ ಎತ್ತಲು ಮೂವರಾದರೂ ಬೇಕು. ನಿಮ್ಮ ದೋಣಿಯಲ್ಲಿ ಇದನ್ನು ಹೇಗೆ ಮಾಡುತ್ತೀರೆಂದು ಮೊದಲ ದಿನವೇ ಸಿಬ್ಬಂದಿಯನ್ನು ಕೇಳಿಟ್ಟುಕೊಳ್ಳಿ. ಮಲಗಿಸುವುದು ಗಟ್ಟಿ ಹಲಗೆಯ ಮೇಲೆ. ಕುಶನ್ ಹಾಕಿದ ಬೆಂಚು ಬೇಡ, ಒತ್ತಿದ ಅರ್ಧ ಬಲ ಸ್ಪಂಜಿಗೆ ಹೋಗುತ್ತದೆ. 3 ಮಿ.ಮೀ. ವೆಟ್‌ಸೂಟಿನ ಮೇಲೆಯೇ ಎದೆ ಒತ್ತಬಹುದು, ಬಿಚ್ಚಲು ಹೆಣಗಬೇಡಿ. ಡಿಫಿಬ್ರಿಲೇಟರ್ ಬಂದಾಗ ಮಾತ್ರ ಕತ್ತರಿಯಿಂದ ಮುಂಭಾಗ ಸೀಳಿ, ಎದೆ ಒರೆಸಿ.

ಹಲಗೆಯ ಮೇಲೆ ಮೊದಲ ಕೆಲಸ ಉಸಿರು. ಯುರೋಪಿನ ಮಾರ್ಗಸೂಚಿ ಶುರುವಿನಲ್ಲಿ 5 ಉಸಿರು ಎನ್ನುತ್ತದೆ, ಅಮೆರಿಕದ್ದು 2 ಎನ್ನುತ್ತದೆ. ನೀವು ಕಲಿತ ಸಂಖ್ಯೆಯನ್ನೇ ಪಾಲಿಸಿ, ದೋಣಿಯಲ್ಲಿ ಅದರ ಚರ್ಚೆ ಬೇಡ. ಒಂದೊಂದು ಉಸಿರೂ 1 ಸೆಕೆಂಡ್, ಎದೆ ಏಳುವುದು ಕಣ್ಣಿಗೆ ಕಾಣುವಷ್ಟು. ಏಳದಿದ್ದರೆ ಸಾಮಾನ್ಯವಾಗಿ ಕಾರಣ ಎರಡರಲ್ಲೊಂದು: ಗದ್ದ ಸಾಕಷ್ಟು ಎತ್ತಿಲ್ಲ ಅಥವಾ ಮಾಸ್ಕಿನ ಅಂಚಿನಿಂದ ಗಾಳಿ ಸೋರುತ್ತಿದೆ. ಪಾಕೆಟ್ ಮಾಸ್ಕಿನ ಚೂಪು ಭಾಗ ಮೂಗಿನ ಮೇಲೆ ಬರಬೇಕು. ಹೆಬ್ಬೆರಳುಗಳಿಂದ ಅಂಚು ಒತ್ತಿ, ಉಳಿದ ಬೆರಳುಗಳಿಂದ ದವಡೆಯನ್ನು ಮಾಸ್ಕಿನ ಕಡೆಗೆ ಮೇಲಕ್ಕೆಳೆಯಬೇಕು. ಮಾಸ್ಕನ್ನು ಮುಖಕ್ಕೆ ಅದುಮಿದರೆ ಗದ್ದ ಕೆಳಗಿಳಿದು ದಾರಿ ಮುಚ್ಚಿಕೊಳ್ಳುತ್ತದೆ. ಹೊಸಬರೆಲ್ಲ ಮಾಡುವ ತಪ್ಪು ಇದು.

ಆಮೇಲೆ 30 ಒತ್ತು, 2 ಉಸಿರು. ಆಳ 5ರಿಂದ 6 ಸೆಂ.ಮೀ., ವೇಗ ನಿಮಿಷಕ್ಕೆ 100ರಿಂದ 120. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಲು ಬಿಡಿ. ದಣಿದವರು ಅರಿವಿಲ್ಲದೆ ಎದೆಯ ಮೇಲೆ ಒರಗಿರುತ್ತಾರೆ, ಆಗ ಹೃದಯಕ್ಕೆ ರಕ್ತ ಮರಳಿ ತುಂಬುವುದಿಲ್ಲ. ಉಸಿರು ಕೊಡಲು ತೆಗೆದುಕೊಳ್ಳುವ ಬಿಡುವು 10 ಸೆಕೆಂಡ್ ಮೀರಬಾರದು. 2 ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಲಿ, "ನನಗೆ ದಣಿವಿಲ್ಲ" ಎಂದರೂ ಬದಲಾಗಲಿ. ಓಲಾಡುವ ದೋಣಿಯಲ್ಲಿ ಮಂಡಿ ಅಗಲಿಸಿ ಕೂರಿ, ಇನ್ನೊಬ್ಬರು ನಿಮ್ಮ ಸೊಂಟ ಹಿಡಿದುಕೊಂಡರೆ ಸಂಕೋಚ ಬೇಡ.

ಎರಡು ವಿಷಯಕ್ಕೆ ಮನಸ್ಸನ್ನು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಿ. ಮೂಗು–ಬಾಯಿಯಿಂದ ಬಿಳಿ ಅಥವಾ ತಿಳಿಗೆಂಪು ನೊರೆ ಉಕ್ಕುತ್ತಿರುತ್ತದೆ. ಅದನ್ನು ಒರೆಸುತ್ತಾ ಕೂತರೆ ಮುಗಿಯುವುದೇ ಇಲ್ಲ, ಅದರ ಮೂಲಕವೇ ಊದಿ. ಎರಡನೆಯದು ವಾಂತಿ. ಮುಳುಗಿದವರಿಗೆ ಸಿಪಿಆರ್ ಮಾಡುವಾಗ ವಾಂತಿ ಅಪವಾದವಲ್ಲ, ರೂಢಿ. ಇಡೀ ದೇಹವನ್ನು ಪಕ್ಕಕ್ಕೆ ಹೊರಳಿಸಿ, ಬಾಯಿ ಬಳಿದು, ಮತ್ತೆ ಅಂಗಾತ ಮಲಗಿಸಿ ಮುಂದುವರಿಸಿ.

ಹೊಟ್ಟೆ ಒತ್ತಿ ನೀರು ಕಕ್ಕಿಸುವುದು, ತಲೆಕೆಳಗಾಗಿ ಹಿಡಿದು ಅಲ್ಲಾಡಿಸುವುದು ಬೇಡವೇ ಬೇಡ. ಹೊರಬರುವ ನೀರು ಹೊಟ್ಟೆಯದು, ಶ್ವಾಸಕೋಶದ್ದಲ್ಲ, ಅದು ಬರುವ ದಾರಿಯಲ್ಲಿ ಶ್ವಾಸನಾಳಕ್ಕೇ ಹೊಕ್ಕುತ್ತದೆ. ಬಳ್ಳಾರಿ, ಹಾವೇರಿ ಕಡೆ ವಾಟ್ಸ್ಆ್ಯಪ್ ಸಂದೇಶ ನಂಬಿ ಮುಳುಗಿದ ಮಕ್ಕಳ ದೇಹವನ್ನು ಉಪ್ಪಿನಲ್ಲಿ ಹೂತಿಟ್ಟು ಗಂಟೆಗಟ್ಟಲೆ ಕಾದ ಸುದ್ದಿಗಳನ್ನು ನೀವೂ ಓದಿರಬಹುದು. ಆ ಸಂದೇಶ ಈಗಲೂ ತಿರುಗುತ್ತಿದೆ. ದೋಣಿಯಲ್ಲಿ ಯಾರಾದರೂ ಅದನ್ನು ಎತ್ತಿದರೆ ವಾದ ಮಾಡದೆ ಅವರಿಗೊಂದು ಕೆಲಸ ಹಚ್ಚಿ: ಫೋನ್ ಮಾಡುವುದು, ನೆರಳು ಹಿಡಿಯುವುದು, ಏನಾದರೂ.

ಎಇಡಿ, ಅಂದರೆ ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್ ಯಂತ್ರ ಇದ್ದರೆ ಹಚ್ಚಿ. ನೀರು ನಿಂತ ಜಾಗದಿಂದ ಸರಿಸಿ ಎದೆ ಒರೆಸಿದರೆ ದೋಣಿಯಲ್ಲೂ ಬಳಸಬಹುದು. ಆದರೆ ಮುಳುಗಿದವರ ಹೃದಯಗತಿ ಹೆಚ್ಚಿನ ಸಲ ಶಾಕ್‌ಗೆ ಬಗ್ಗುವ ಬಗೆಯದಲ್ಲ, ಆದ್ದರಿಂದ ಯಂತ್ರಕ್ಕಾಗಿ ಉಸಿರನ್ನು ನಿಲ್ಲಿಸಬೇಡಿ. ನಲವತ್ತು ದಾಟಿದ, ಎದೆನೋವೆಂದು ಹೇಳಿ ಕುಸಿದ ಡೈವರ್‌ನ ವಿಷಯ ಬೇರೆ. ಅಲ್ಲಿ ಯಂತ್ರವೇ ಜೀವ. ಡೈವಿಂಗ್‌ನಲ್ಲಿ ಸಾಯುವವರಲ್ಲಿ ಹೃದ್ರೋಗದವರ ಪಾಲು ಸಣ್ಣದೇನಲ್ಲ.

ಎಚ್ಚರಗೊಂಡು "ನಾನು ಸರಿಯಾಗಿದ್ದೇನೆ, ರೂಮಿಗೆ ಹೋಗ್ತೇನೆ" ಎಂದವರನ್ನೂ ಬಿಡಬೇಡಿ. ನೀರು ಹೊಕ್ಕ ಶ್ವಾಸಕೋಶ ಗಂಟೆಗಳ ನಂತರ ಕೈಕೊಡಬಹುದು. ಆರೆಂಟು ಗಂಟೆಯಾದರೂ ಆಸ್ಪತ್ರೆಯಲ್ಲಿ ನಿಗಾ ಬೇಕು.

ಆಕ್ಸಿಜನ್

ಆಕ್ಸಿಜನ್ ಕೋರ್ಸಿನ ಮಾತು ಈಗ. ಡೈವರ್‌ಗಳ ಪ್ರಥಮ ಚಿಕಿತ್ಸೆಯಲ್ಲಿ ಸಿಪಿಆರ್ ಬೇಕಾಗುವ ಸಂದರ್ಭ ಅಪರೂಪ, ಆಕ್ಸಿಜನ್ ಬೇಕಾಗುವ ಸಂದರ್ಭ ಅದಕ್ಕಿಂತ ಹೆಚ್ಚು. ನೀರು ಕುಡಿದವರಿಗೆ, ಬೆಂಡ್ಸ್ ಆದವರಿಗೆ, ಶ್ವಾಸಕೋಶ ಒಡೆದು ರಕ್ತಕ್ಕೆ ಗಾಳಿ ಸೇರಿದವರಿಗೆ, ಎಲ್ಲರಿಗೂ ದೋಣಿಯಲ್ಲಿ ಕೊಡಬಹುದಾದ ನಿಜವಾದ ಔಷಧ ಅದೊಂದೇ.

ಇದರ ಹಿಂದಿನ ವಿಚಾರ ತಿಳಿದಿದ್ದರೆ ತಪ್ಪುಗಳು ಕಡಿಮೆಯಾಗುತ್ತವೆ. ಆಳದಲ್ಲಿ ಒತ್ತಡದ ಗಾಳಿ ಉಸಿರಾಡಿದಾಗ ಸಾರಜನಕ ಮೈಯಲ್ಲಿ ಕರಗುತ್ತದೆ. ಬೇಗ ಮೇಲೆ ಬಂದರೆ ಅದು ಸೋಡಾ ಬಾಟಲಿ ತೆರೆದಂತೆ ಗುಳ್ಳೆಯಾಗುತ್ತದೆ, ಇದು ಡಿಕಂಪ್ರೆಶನ್ ಸಿಕ್‌ನೆಸ್, ಆಡುಮಾತಿನಲ್ಲಿ ಬೆಂಡ್ಸ್. ಶುದ್ಧ ಆಕ್ಸಿಜನ್ ಉಸಿರಾಡಿದರೆ ಶ್ವಾಸಕೋಶದಲ್ಲಿ ಸಾರಜನಕವೇ ಇರುವುದಿಲ್ಲ, ಆದ್ದರಿಂದ ಮೈಯೊಳಗಿನ ಸಾರಜನಕ ಅತ್ತ ಬೇಗ ಹರಿದುಹೋಗುತ್ತದೆ, ಗುಳ್ಳೆ ಕುಗ್ಗುತ್ತದೆ. ಅಂದರೆ ಇಲ್ಲಿ ಆಕ್ಸಿಜನ್ ಕೊಡುವುದು ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರಿನ ಅಂಕಿ ಏರಿಸಲಿಕ್ಕಲ್ಲ. ಅಂಕಿ 99 ತೋರಿಸಿದರೂ ನಿಲ್ಲಿಸಬಾರದು. ಡೈವಿಂಗ್ ರೋಗಿಯನ್ನೇ ಕಾಣದ ಆಸ್ಪತ್ರೆಯಲ್ಲಿ ಮೊದಲಿಗೆ ಆಗುವ ಎಡವಟ್ಟು ಇದೇ: ಸ್ಯಾಚುರೇಶನ್ ನೋಡುತ್ತಾರೆ, ಚೆನ್ನಾಗಿದೆ ಎಂದು ಮಾಸ್ಕ್ ತೆಗೆಯುತ್ತಾರೆ. ಜೊತೆಗಿರುವ ನೀವು ವಿನಯದಿಂದ, ಆದರೆ ಪಟ್ಟು ಬಿಡದೆ ಕಾರಣ ಹೇಳಬೇಕು.

ಮಾಸ್ಕ್ ಯಾವುದು ಎಂಬುದೂ ಮುಖ್ಯ. ಮೂಗಿಗೆ ಸಿಕ್ಕಿಸುವ ಎರಡು ಕವಲಿನ ಕೊಳವೆ ಸಾಲದು. ಕೆಳಗೆ ಚೀಲವಿರುವ ನಾನ್ ರೀಬ್ರೀದರ್ ಮಾಸ್ಕ್ ಬೇಕು, ನಿಮಿಷಕ್ಕೆ 10ರಿಂದ 15 ಲೀಟರ್ ಹರಿವಿನಲ್ಲಿ. ಮುಖಕ್ಕೆ ಹಾಕುವ ಮೊದಲು ಒಳಗಿನ ಕವಾಟಕ್ಕೆ ಬೆರಳೊತ್ತಿ ಚೀಲ ಪೂರ್ತಿ ತುಂಬಿಸಿ. ಉಸಿರೆಳೆದಾಗ ಚೀಲ ಚಪ್ಪಟೆಯಾದರೆ ಹರಿವು ಕಡಿಮೆ ಎಂದರ್ಥ. ಚೀಲ ಅಲುಗದೇ ಇದ್ದರೆ ಮಾಸ್ಕ್ ಸೋರುತ್ತಿದೆ, ರೋಗಿ ಹೊರಗಿನ ಗಾಳಿಯನ್ನೇ ಎಳೆದುಕೊಳ್ಳುತ್ತಿದ್ದಾರೆ. ಡಿಮ್ಯಾಂಡ್ ವಾಲ್ವ್ ಇದ್ದರೆ ಇನ್ನೂ ಒಳ್ಳೆಯದು. ನಮ್ಮ ರೆಗ್ಯುಲೇಟರಿನ ಹಾಗೆ ಎಳೆದಾಗ ಮಾತ್ರ ಕೊಡುತ್ತದೆ, ಗ್ಯಾಸ್ ಪೋಲಾಗುವುದಿಲ್ಲ.

ಈಗ ಲೆಕ್ಕ. ನೇತ್ರಾಣಿ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ಒಳಗಿದೆ. ದೋಣಿಗೆ ಒಂದರಿಂದ ಒಂದೂವರೆ ಗಂಟೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ 'ಬಿ ಟೈಪ್' ವೈದ್ಯಕೀಯ ಸಿಲಿಂಡರಿನಲ್ಲಿ, ಕಪ್ಪು ಮೈಗೆ ಬಿಳಿ ಭುಜ ಇರುವುದು, 10 ಲೀಟರ್ ನೀರು ಹಿಡಿಯುವಷ್ಟು ಜಾಗ. 150 ಬಾರ್ ತುಂಬಿಸಿದರೆ 10 ಗುಣಿಸು 150, ಅಂದರೆ 1500 ಲೀಟರ್. ನಿಮಿಷಕ್ಕೆ 15ರಂತೆ 100 ನಿಮಿಷ. ಒಬ್ಬ ರೋಗಿಗೆ ದಡ ಸೇರುವವರೆಗೆ ಹೇಗೋ ಆಯಿತು, ಇಬ್ಬರಾದರೆ ಅರ್ಧ ದಾರಿಗೆ ಮುಗಿಯಿತು. ಮೀಟರ್ 75 ಬಾರ್ ತೋರಿಸುತ್ತಿದ್ದರೆ ಒಬ್ಬರಿಗೂ ಇಲ್ಲ. ಚಾರಣದ ಅಂಗಡಿಗಳಲ್ಲಿ ಮಾರುವ ಸ್ಪ್ರೇ ಡಬ್ಬದಂಥ ಆಕ್ಸಿಜನ್ನನ್ನು "ಕಿಟ್‌ನಲ್ಲಿದೆ ಸರ್" ಎಂದು ತೋರಿಸುವವರೂ ಇದ್ದಾರೆ. ಅದರ ಮೇಲೆ 10 ಲೀಟರ್ ಎಂದು ಬರೆದಿದ್ದರೆ, ನಮಗೆ ಬೇಕಾದ ಹರಿವಿನಲ್ಲಿ ಅದರ ಆಯಸ್ಸು 40 ಸೆಕೆಂಡ್.

ಸಿಲಿಂಡರ್ ಇದ್ದೂ ಕೆಲಸ ಕೆಡುವ ಕಾರಣಗಳು ಬಹಳ ಸಣ್ಣವು. ವಾಲ್ವ್ ತೆರೆಯುವ ಕೀಲಿ ಸಿಗುವುದಿಲ್ಲ, ದಾರದಿಂದ ಸಿಲಿಂಡರಿಗೇ ಕಟ್ಟಿರಬೇಕು. ರೆಗ್ಯುಲೇಟರ್ ಕೂರುವಲ್ಲಿನ ವಾಷರ್ ಬಿದ್ದುಹೋಗಿ ಬುಸ್ಸೆಂದು ಸೋರುತ್ತದೆ, ಎರಡು ವಾಷರ್ ಹೆಚ್ಚಿಗೆ ಇಟ್ಟಿರಬೇಕು. ಗಾಜಿನ ಕೊಳವೆಯೊಳಗೆ ಗುಂಡು ತೇಲುವ ಫ್ಲೋಮೀಟರ್ ಆದರೆ ಸಿಲಿಂಡರನ್ನು ಅಡ್ಡ ಮಲಗಿಸಿದಾಗ ಅದು ತೋರಿಸುವ ಅಂಕಿ ಸುಳ್ಳು, ಏಕೆಂದರೆ ಆ ಗುಂಡು ನಿಲ್ಲುವುದೇ ಭೂಮಿಯ ಸೆಳೆತದ ಲೆಕ್ಕದಲ್ಲಿ. ಒಂದೋ ಸಿಲಿಂಡರನ್ನು ನೆಟ್ಟಗೆ ಕಟ್ಟಿ ನಿಲ್ಲಿಸಿ, ಇಲ್ಲವೇ ತಿರುಗಿಸಿ ಸಂಖ್ಯೆ ಆರಿಸುವ ಬಗೆಯ ರೆಗ್ಯುಲೇಟರ್ ಇಡಿ. ಆಸ್ಪತ್ರೆಯಲ್ಲಿ ಜೋಡಿಸುವ ನೀರಿನ ಬಾಟಲಿ ದೋಣಿಯಲ್ಲಿ ಬೇಡ, ಓಲಾಟಕ್ಕೆ ನೀರು ಕೊಳವೆಗೆ ಹೊಕ್ಕುತ್ತದೆ. ಗಂಟೆ ಎರಡು ಗಂಟೆ ಒಣ ಆಕ್ಸಿಜನ್ ಉಸಿರಾಡಿದರೆ ಗಂಟಲು ಒಣಗುತ್ತದೆ, ಅಷ್ಟೇ.

ಬೆಂಕಿಯ ಎಚ್ಚರ ಇರಲಿ. ವಾಲ್ವನ್ನು ನಿಧಾನ ತೆರೆಯಿರಿ. ಜೋಡಣೆಗೆ ಎಣ್ಣೆ, ಗ್ರೀಸ್, ಸಿಲಿಕೋನ್ ಯಾವುದೂ ತಾಗಬಾರದು, ಸನ್‌ಸ್ಕ್ರೀನ್ ಮೆತ್ತಿದ ಕೈ ಕೂಡ. ಬೀಡಿ–ಸಿಗರೇಟು ಆರಿರಬೇಕು, ಇಂಧನದ ಕ್ಯಾನುಗಳಿಂದ ದೂರ ಇರಬೇಕು.

ಬೆಂಡ್ಸ್ ಗುರುತಿಸುವುದು, ಮತ್ತು ಘಟ್ಟದ ಪ್ರಶ್ನೆ

ಮೇಲೆ ಬಂದ 10 ನಿಮಿಷದೊಳಗೆ ಒಬ್ಬರು ಪ್ರಜ್ಞೆ ತಪ್ಪಿದರೆ, ಮುಖ ಸೊಟ್ಟಗಾದರೆ, ಒಂದು ಕಡೆಯ ಕೈಕಾಲು ಸೋತರೆ ಅದು ಗಾಳಿಗುಳ್ಳೆ ಮಿದುಳಿಗೆ ಹೋದ ಲಕ್ಷಣ ಎಂದೇ ಹಿಡಿಯಿರಿ. ಉಸಿರು ಬಿಗಿಹಿಡಿದು ಮೇಲೆ ಬಂದರೆ ಆಗುವುದು ಇದು. 10 ಮೀಟರಿನಿಂದ ಮೇಲೆ ಬರುವಾಗ ಶ್ವಾಸಕೋಶದ ಗಾಳಿ ಇಮ್ಮಡಿಯಾಗುತ್ತದೆ, ಒಂದೂವರೆ ಮೀಟರ್ ಏರಿಕೆಯೇ ತುಂಬಿದ ಶ್ವಾಸಕೋಶವನ್ನು ಒಡೆಯಲು ಸಾಕು. ಆದ್ದರಿಂದ "ಐದಾರು ಮೀಟರಿನ ಪ್ರವಾಸಿ ಡೈವ್ ತಾನೇ" ಎಂಬ ಸಮಾಧಾನ ಬೆಂಡ್ಸ್‌ನ ಮಟ್ಟಿಗೆ ಸರಿ, ಇದಕ್ಕಲ್ಲ.

ಬೆಂಡ್ಸ್ ಹಾಗೆ ಧುತ್ತೆಂದು ಬರುವುದಿಲ್ಲ. ಹೆಚ್ಚಿನವರಿಗೆ ಮೊದಲ ಆರು ಗಂಟೆಯೊಳಗೆ, ಕೆಲವರಿಗೆ ಮರುದಿನ. ಭುಜ, ಮೊಣಕೈಯಲ್ಲಿ ಆಳದ ನೋವು, ಚರ್ಮದಲ್ಲಿ ನೇರಳೆ ಮಚ್ಚೆ, ಜೋಮು, ವಿಪರೀತ ಸುಸ್ತು, ತಲೆಸುತ್ತು, ಕಾಲಿನ ನಿಶ್ಶಕ್ತಿ. ಮೂತ್ರ ಬಾರದಿರುವುದು ಬೆನ್ನುಹುರಿ ತೊಂದರೆಯ ಸೂಚನೆ, ನಾಚಿಕೆಯಿಂದ ಯಾರೂ ಹೇಳುವುದಿಲ್ಲ, ನೀವೇ ಕೇಳಬೇಕು. ಎಲ್ಲಕ್ಕಿಂತ ನಂಬಲರ್ಹ ಲಕ್ಷಣ ನಿರಾಕರಣೆ: "ಸಿಲಿಂಡರ್ ಎತ್ತಿದ್ದಕ್ಕೆ ಭುಜ ನೋವು, ಅಷ್ಟೇ."

ಅಂಗಾತ ಮಲಗಿಸಿ ಆಕ್ಸಿಜನ್ ಹಚ್ಚಿ. ಪ್ರಜ್ಞೆಯಿಲ್ಲದೆ ಉಸಿರಾಡುತ್ತಿದ್ದರೆ ಒಂದು ಪಕ್ಕಕ್ಕೆ ಹೊರಳಿಸಿ. ತಲೆ ತಗ್ಗಿಸಿ ಕಾಲು ಎತ್ತುವ ಭಂಗಿ ಹಳೆಯ ಪುಸ್ತಕಗಳಲ್ಲಿದೆ, ಅದನ್ನು ಈಗ ಬಿಟ್ಟಿದ್ದಾರೆ. ಎಚ್ಚರವಿದ್ದು ವಾಂತಿಯಿಲ್ಲದಿದ್ದರೆ ನೀರು ಅಥವಾ ಓಆರ್‌ಎಸ್ ಗುಟುಕರಿಸಲಿ. ಮತ್ತೆ ನೀರಿಗಿಳಿಸಿ ಸರಿಮಾಡುವ ಸಾಹಸ ಬೇಡ. ಮಲಗಿಸುವ ನಿಯಮಕ್ಕೆ ಒಂದೇ ಅಪವಾದ ಇದೆ: ನೀರಿನಲ್ಲೇ ಏದುಸಿರು ಶುರುವಾಗಿ, ಕೆಮ್ಮಿದರೆ ನಸುಗೆಂಪು ನೊರೆ ಬರುತ್ತಿದ್ದು, ಮಲಗಿದರೆ ಉಸಿರು ಕಟ್ಟುತ್ತದೆ ಎನ್ನುವವರು. ಅದು ಇಮ್ಮರ್ಶನ್ ಪಲ್ಮನರಿ ಇಡೀಮಾ, ಶ್ವಾಸಕೋಶದೊಳಕ್ಕೆ ಮೈಯ ನೀರೇ ಜಿನುಗಿರುತ್ತದೆ. ಅವರನ್ನು ಕೂರಿಸಿ, ಬಿಗಿಯಾದ ಸೂಟ್ ಸಡಿಲಿಸಿ, ಆಕ್ಸಿಜನ್ ಕೊಡಿ.

ಐದು ನಿಮಿಷದ ನರ ಪರೀಕ್ಷೆಯನ್ನು ಕೋರ್ಸಿನಲ್ಲಿ ಕಲಿಸುತ್ತಾರೆ: ಹೆಸರು, ಜಾಗ, ದಿನ ಕೇಳುವುದು, ಕಣ್ಣು ಬೆರಳನ್ನು ಹಿಂಬಾಲಿಸುತ್ತದೆಯೇ, ನಗುವಾಗ ಮುಖದ ಎರಡೂ ಬದಿ ಒಂದೇ ತೆರನೇ, ಎರಡು ಕೈಯ ಹಿಡಿತ, ಕಾಲಿನ ಬಲ, ಸ್ಪರ್ಶ. ಫಲಿತಾಂಶದ ಪಕ್ಕದಲ್ಲಿ ಗಡಿಯಾರ ನೋಡಿ ಸಮಯ ಬರೆಯಿರಿ, ಅರ್ಧ ಗಂಟೆಗೊಮ್ಮೆ ಮತ್ತೆ ಮಾಡಿ. ವೈದ್ಯರಿಗೆ ಬೇಕಾದ್ದು ಒಂದು ಸಲದ ಚಿತ್ರವಲ್ಲ, ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬ ದಿಕ್ಕು. ಡೈವ್ ಕಂಪ್ಯೂಟರ್ ರೋಗಿಯ ಜೊತೆಗೇ ಹೋಗಲಿ. ಆಕ್ಸಿಜನ್ ಕೊಟ್ಟ ಮೇಲೆ ನೋವು ಮಾಯವಾದರೆ ರೋಗ ಗುಣವಾಯಿತೆಂದಲ್ಲ, ಮಾಸ್ಕ್ ತೆಗೆದ ಗಂಟೆಯ ನಂತರ ಅದು ಮರಳಬಹುದು.

ಎಲ್ಲಿಗೆ ಒಯ್ಯಬೇಕು? ಕಡಲಿನಿಂದಲೇ ದೋಣಿಯ ವಿಎಚ್‌ಎಫ್ ರೇಡಿಯೋದ ಚಾನೆಲ್ 16 ಅಥವಾ ಕೋಸ್ಟ್ ಗಾರ್ಡ್‌ನ 1554, ದಡಕ್ಕೆ 108 ಅಥವಾ 112. ಮೊದಲ ನಿಲ್ದಾಣ ಆಕ್ಸಿಜನ್ ಇರುವ ಹತ್ತಿರದ ಆಸ್ಪತ್ರೆ. ರೋಗಿ ಸ್ಥಿರವಾದ ಮೇಲೆ ಡ್ಯಾನ್‌ನ ತುರ್ತು ಸಂಖ್ಯೆ +1-919-684-9111ಕ್ಕೆ ವೈದ್ಯರಿಂದಲೇ ಕರೆ ಮಾಡಿಸಿ, ಬೆಂಡ್ಸ್ ಚಿಕಿತ್ಸೆ ನಡೆಯುವ ಒತ್ತಡದ ಕೋಣೆ, ಅಂದರೆ ಚೇಂಬರ್, ಎಲ್ಲಿ ತೆರೆದಿದೆ ಎಂದು ಅವರು ಹುಡುಕಿಕೊಡುತ್ತಾರೆ. ಮುಂಬೈಯ ಐಎನ್‌ಎಚ್‌ಎಸ್ ಅಶ್ವಿನಿ, ಅಂಡಮಾನಿನ ಐಎನ್‌ಎಚ್‌ಎಸ್ ಧನ್ವಂತರಿ ಇಂಥ ಚಿಕಿತ್ಸೆಗೆ ಹೆಸರಾದ ನೌಕಾಪಡೆಯ ಆಸ್ಪತ್ರೆಗಳು. ಗಾಯ ಒಣಗಿಸಲು 'ಹೈಪರ್‌ಬೇರಿಕ್' ಬೋರ್ಡ್ ಹಾಕಿಕೊಂಡ ನಗರದ ಕೇಂದ್ರಗಳೆಲ್ಲ ಡೈವರ್‌ಗಳನ್ನು ತೆಗೆದುಕೊಳ್ಳುವುದಿಲ್ಲ. ಬೆಂಡ್ಸ್‌ಗೆ ಸಾಮಾನ್ಯವಾಗಿ ಬಳಸುವ ಅಮೆರಿಕ ನೌಕಾಪಡೆಯ ಟೇಬಲ್ 6 ಎಂಬ ಕ್ರಮ 18 ಮೀಟರ್ ಆಳದ ಒತ್ತಡದಿಂದ ಶುರುವಾಗಿ ಪೌಣೇ ಐದು ಗಂಟೆ ನಡೆಯುತ್ತದೆ, ಅದಕ್ಕೆ ಬೇಕಾದ ಯಂತ್ರವೂ ಸಿಬ್ಬಂದಿಯೂ ಬೇರೆ. ಮೊದಲೇ ಫೋನ್ ಮಾಡದೆ ಹೊರಡಬೇಡಿ.

ಬೆಂಗಳೂರಿನವರಿಗೆ ವಿಶೇಷವಾಗಿ ಒಂದು ಮಾತು. ರೋಗಿಯನ್ನು "ನಮ್ಮೂರಿನ ದೊಡ್ಡ ಆಸ್ಪತ್ರೆಗೆ" ಎಂದು ಘಟ್ಟ ಹತ್ತಿಸಬೇಡಿ. ಎತ್ತರಕ್ಕೆ ಹೋದಷ್ಟೂ ಗಾಳಿಯ ಒತ್ತಡ ಇಳಿದು ಗುಳ್ಳೆ ಹಿಗ್ಗುತ್ತದೆ. ಮುರುಡೇಶ್ವರದಿಂದ ಮಣಿಪಾಲಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 100 ಕಿ.ಮೀ., ದಾರಿಯುದ್ದಕ್ಕೂ ಕರಾವಳಿಯ ಮಟ್ಟದಲ್ಲೇ ಹೋಗುತ್ತದೆ. ಹೆಲಿಕಾಪ್ಟರ್ ಆದರೂ 300 ಮೀಟರಿಗಿಂತ ಕೆಳಗೆ ಹಾರಬೇಕು.

ತೊಂದರೆ ಇಲ್ಲದವರಿಗೂ ಇದು ಅನ್ವಯಿಸುತ್ತದೆ. ಡೈವ್ ನಂತರ ವಿಮಾನ ಹತ್ತಲು ಒಂದೇ ಡೈವ್ ಆದರೆ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಆದರೆ 18 ಗಂಟೆ ಕಾಯಿರಿ ಎಂಬ ಡ್ಯಾನ್ ಸಲಹೆ ಎಲ್ಲರಿಗೂ ಬಾಯಿಪಾಠ. ಆದರೆ ಆ ಸಲಹೆ ಸುಮಾರು 600 ಮೀಟರಿಗಿಂತ ಮೇಲಿನ ಎತ್ತರಕ್ಕೆ ಮಾಡಿದ್ದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್. ಮಧ್ಯಾಹ್ನ ಎರಡು ಆಳದ ಡೈವ್ ಮುಗಿಸಿ ಸಂಜೆಯ ಸ್ಲೀಪರ್ ಬಸ್ ಹತ್ತಿ ಘಟ್ಟ ಏರುವವರು ವಿಮಾನ ಹತ್ತದಿದ್ದರೂ ಅದೇ ಕೆಲಸವನ್ನು ಮೆಲ್ಲಗೆ ಮಾಡುತ್ತಿದ್ದಾರೆ. ಒಂದು ರಾತ್ರಿ ಕರಾವಳಿಯಲ್ಲೇ ಉಳಿಯಿರಿ.

ಉಳಿದ ಸಣ್ಣಪುಟ್ಟದ್ದು

ಲಯನ್ ಫಿಶ್, ಸ್ಕಾರ್ಪಿಯನ್ ಫಿಶ್ ಮುಳ್ಳು, ತೊರಕೆ ಮೀನಿನ (ಸ್ಟಿಂಗ್ ರೇ) ಬಾಲದ ಪೆಟ್ಟು: ಬಿಸಿನೀರೇ ಮದ್ದು. 45 ಡಿಗ್ರಿ ಮೀರದಂತೆ, 30ರಿಂದ 90 ನಿಮಿಷ ಮುಳುಗಿಸಿಡಿ. ದೋಣಿಯಲ್ಲಿ ಥರ್ಮಾಮೀಟರ್ ಇರುವುದಿಲ್ಲ. ಒಂದು ಪಾಲು ಕುದಿನೀರಿಗೆ ನಾಲ್ಕು ಪಾಲು ಕಡಲ ನೀರು ಬೆರೆಸಿದರೆ 42ರ ಆಸುಪಾಸು ಬರುತ್ತದೆ. ಪೆಟ್ಟಾಗದ ಕೈಯಿಂದ ಪರೀಕ್ಷಿಸಿ, ನೋವಿನ ಕೈಗೆ ಬಿಸಿ ತಿಳಿಯುವುದಿಲ್ಲ. ತೊರಕೆಯ ಮುಳ್ಳು ಎದೆ ಅಥವಾ ಹೊಟ್ಟೆಗೆ ನಾಟಿದ್ದರೆ ಕೀಳಬೇಡಿ. ಸೀ ಅರ್ಚಿನ್ ಮುಳ್ಳು ಬಿಸ್ಕತ್ತಿನಂತೆ ಮುರಿಯುತ್ತದೆ, ಹೊರಗೆ ಕಂಡದ್ದನ್ನು ಮಾತ್ರ ಚಿಮುಟದಿಂದ ತೆಗೆಯಿರಿ. ಜೆಲ್ಲಿ ಫಿಶ್ ತಾಗಿದರೆ ಕಡಲ ನೀರಿನಿಂದ ತೊಳೆಯಿರಿ, ಸಿಹಿನೀರು ಬೇಡ, ಮರಳಿನಿಂದ ಉಜ್ಜುವುದು ಬೇಡ. ಬಂಡೆಯ ಚಿಪ್ಪಿಗೆ ಕೊಯ್ದ ಗಾಯವನ್ನು 10 ನಿಮಿಷ ಬಿಡದೆ ಅದುಮಿ ಹಿಡಿಯಿರಿ, ನಡುವೆ ಎತ್ತಿ ನೋಡುವ ಚಪಲ ಬೇಡ. ಆಮೇಲೆ ಧಾರಾಳ ಕುಡಿಯುವ ನೀರಿನಲ್ಲಿ ತೊಳೆಯಿರಿ.

ನಿಮ್ಮ ವೇಳಾಪಟ್ಟಿಗೆ ಬರೋಣ. ಮಳೆಗಾಲದಲ್ಲಿ ನೇತ್ರಾಣಿ ಹೇಗೂ ಬಂದ್, ಆ ತಿಂಗಳುಗಳಲ್ಲಿ ಬೆಂಗಳೂರಿನಲ್ಲೇ ಇಎಫ್‌ಆರ್ ಮತ್ತು ಆಕ್ಸಿಜನ್ ಎರಡನ್ನೂ ಮುಗಿಸಿಬಿಡಿ. ಕಾಗದದ ಮೇಲೆ ಸರ್ಟಿಫಿಕೇಟ್ 24 ತಿಂಗಳು ಬದುಕುತ್ತದೆ, ಕೈಯಲ್ಲಿನ ವಿದ್ಯೆ ಮೂರರಿಂದ ಆರು ತಿಂಗಳಲ್ಲೇ ಸವೆಯುತ್ತದೆ. ಮೂರು ತಿಂಗಳಿಗೊಮ್ಮೆ ನೆಲದ ಮೇಲೆ ಗಟ್ಟಿ ದಿಂಬಿಟ್ಟು, ಫೋನಿನಲ್ಲಿ ಮೆಟ್ರೊನೋಮ್ 110ಕ್ಕೆ ಹಾಕಿ, 2 ನಿಮಿಷ ಒತ್ತಿ ನೋಡಿ. ಮೊದಲ ನಿಮಿಷದಲ್ಲೇ ಮೊಣಕೈ ಬಾಗುತ್ತಿದ್ದರೆ ರೂಢಿ ತಪ್ಪಿದೆ. ನಿಮ್ಮದೇ ಪಾಕೆಟ್ ಮಾಸ್ಕ್ ಕೊಳ್ಳಿ, ಒಮ್ಮುಖ ಕವಾಟ ಮತ್ತು ಆಕ್ಸಿಜನ್ ಕೊಳವೆ ಸಿಕ್ಕಿಸುವ ಮೂತಿ ಎರಡೂ ಇರುವಂಥದ್ದು. ನಾವು ಹೊರಬಿಡುವ ಉಸಿರಿನಲ್ಲಿ ಆಕ್ಸಿಜನ್ 16–17 ಶೇಕಡಾ ಮಾತ್ರ, ಆ ಮೂತಿಗೆ ಕೊಳವೆ ಹಚ್ಚಿದರೆ ಎಷ್ಟೋ ಪಾಲು ಹೆಚ್ಚುತ್ತದೆ.

ಅಕ್ಟೋಬರಿನಲ್ಲಿ ದೋಣಿ ಹತ್ತಿದಾಗ, ಡೈವ್ ಬ್ರೀಫಿಂಗ್ ಶುರುವಾಗುವ ಮೊದಲು, ಆಕ್ಸಿಜನ್ ಎಲ್ಲಿದೆ ತೋರಿಸಿ ಎಂದು ಕೇಳಿ. ಮೀಟರಿನ ಮುಳ್ಳು ನೋಡಿ, ಕೀಲಿ ಸಿಲಿಂಡರಿಗೆ ಕಟ್ಟಿದೆಯೇ ನೋಡಿ, ಚೀಲದ ಮಾಸ್ಕ್ ಇದೆಯೇ ನೋಡಿ. ಎರಡು ನಿಮಿಷದ ಕೆಲಸ. ಒಳ್ಳೆಯ ಸಿಬ್ಬಂದಿ ಖುಷಿಯಿಂದ ತೆರೆದು ತೋರಿಸುತ್ತಾರೆ. "ದಡದಲ್ಲಿ ಆಫೀಸಿನಲ್ಲಿದೆ" ಎಂಬ ಉತ್ತರ ಬಂದರೆ, ದೋಣಿ ಹಗ್ಗ ಬಿಚ್ಚುವ ಮೊದಲೇ ಇಳಿದುಬಿಡಿ.